ಆನಂದೀಬಾಯಿ ಜೋಶಿ

ಕಾಲೇಜಿಗೆ ಅರ್ಜಿ ಹಾಕುವಾಗ ನನ್ನ ಅಂಕಗಳನ್ನು ಎಣಿಸಿ ಎದೆಗುಂದಿದ್ದೆನು. ಓದಿ ನಮ್ಮೂರಿನ ಮಕ್ಕಳಿಗೆ ಪಾಠ ಹೇಳಬೇಕೆಂಬ ಆಸೆಯೇನೋ ಇತ್ತು. ಸೀಟು ದೊರೆತೀತೇ ಎಂಬ ಅಳುಕೂ ಇತ್ತು. ಆಗ ನನಗೆ ಧೈರ್ಯವಿತ್ತುದು ಡಾ. ಆನಂದೀಬಾಯಿ ಜೋಶಿಯವರ ಜೀವನ.

ಆನಂದೀಬಾಯಿಯವರು 1865ರಲ್ಲಿ ಕಲ್ಯಾಣದಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿಗೆ ಅಂಚೆ ಇಲಾಖೆಯ ಗೋಪಾಲರಾಯರೊಡನೆ ಮದುವೆಯಾಯಿತು. ಹದಿನಾಲ್ಕರಲ್ಲಿ ಹೆತ್ತ ಕೂಸು ಹತ್ತೇ ದಿನಕ್ಕೆ ತೀರಿಕೊಂಡಿತು. ಗಂಡಸು ವೈದ್ಯರ ಮುಂದೆ ನೋವು ಹೇಳಿಕೊಳ್ಳಲಾರದ ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕೆಂದು ಆಕೆ ನಿಶ್ಚಯಿಸಿದರು. ಪತಿಯೇ ಬೆಂಬಲವಾಗಿ ನಿಂತರು, ನೆರೆಹೊರೆಯವರು ಹಳಿದರು. 1883ರಲ್ಲಿ ಕಲ್ಕತ್ತೆಯಿಂದ ಹಡಗೇರಿ, ಪತಿಯನ್ನು ಬಿಟ್ಟು ಅಮೆರಿಕಕ್ಕೆ ಹೊರಟರು.

ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಬರೆದ ಅರ್ಜಿಯಲ್ಲಿ, ಪ್ರವೇಶದ ಎಲ್ಲ ನಿಯಮಗಳಿಗೂ ತಾವು ಸರಿಹೊಂದದಿರಬಹುದೆಂದು ಅವರು ಮರೆಮಾಚದೆ ತಿಳಿಸಿದರು. ತಮ್ಮ ನಾಡಿನ ಹೆಂಗಸರ ಸೇವೆಗೆಂದೇ ಬಂದಿರುವುದಾಗಿಯೂ ಬರೆದರು. ಕಾಲೇಜಿನ ಮುಖ್ಯಸ್ಥೆ ರೇಚೆಲ್ ಬಾಡ್ಲೆಯವರು ಅವರನ್ನು ಸೇರಿಸಿಕೊಂಡರು. ಚಳಿಯಲ್ಲಿ ಆರೋಗ್ಯ ಕೆಟ್ಟರೂ ಓದು ನಿಲ್ಲಲಿಲ್ಲ. 1886ರ ಮಾರ್ಚಿಯಲ್ಲಿ ಎಂ.ಡಿ. ಪದವಿ ಬಂದಿತು.

ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀಯರ ವಿಭಾಗವನ್ನು ಅವರಿಗೆ ವಹಿಸಲಾಗಿತ್ತು. ಆದರೆ ಕ್ಷಯದಿಂದ ನರಳುತ್ತಲೇ ಹಿಂದಿರುಗಿದ ಅವರು 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕಣ್ಮುಚ್ಚಿದರು. ಆಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

ನಾನೂ ಅರ್ಜಿಯಲ್ಲಿ ನನ್ನ ಕೊರತೆಯನ್ನೂ ಆಸೆಯನ್ನೂ ಇದ್ದಂತೆಯೇ ಬರೆದೆನು. ಪ್ರವೇಶ ದೊರೆಯಿತು. ಮಿತ್ರರೇ, ಆಕೆಗೆ ಒದಗದ ಆಯುಷ್ಯ ನಮಗೆ ಒದಗಿರುವಾಗ, ಓದು ಮುಗಿಸಿ ಊರಿನ ಕಡೆ ಮುಖ ಮಾಡದಿದ್ದರೆ ಅರ್ಜಿಯಲ್ಲಿ ಬರೆದ ಮಾತಿಗೆ ಬೆಲೆಯೇನು?