ಶ್ರೀರಂಗಪಟ್ಟಣದ ದೊಡ್ಡಸ್ವಾಮಿಯವರು

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನಮ್ಮ ಸೀಮೆಯಲ್ಲಿ ಧರ್ಮಸಭೆಯು ಚದುರಿಹೋಗಿದ್ದ ಕಾಲಕ್ಕೆ ಅದನ್ನು ಮರಳಿ ಒಟ್ಟುಗೂಡಿಸಿದ ಒಬ್ಬ ಗುರುಗಳನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ವಿದ್ವಾಂಸರು ಅವರನ್ನು ಅಬ್ಬೆ ದ್ಯುಬುವಾ ಎಂದು ಬಲ್ಲರು. ಈ ಭಾಗದ ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸ್ವದೇಶವನ್ನು ತೊರೆದು ಬಂದ ಅವರನ್ನು ಈ ನಾಡು ಬರಮಾಡಿಕೊಂಡಿತು. ನೆಲೆ ತಪ್ಪಿದ್ದ ಕ್ರೈಸ್ತರನ್ನು ಅವರು ಬರಮಾಡಿಕೊಂಡರು.

ಫ್ರಾನ್ಸ್ ದೇಶದ ದಕ್ಷಿಣಕ್ಕಿರುವ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ 1760ರ ದಶಕದಲ್ಲಿ ಜನಿಸಿದ ಝಾನ್ ಆಂತ್ವಾನ್ ದ್ಯುಬುವಾ ಅವರು 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಫ್ರೆಂಚ್ ಕ್ರಾಂತಿಯ ಉಗ್ರಕಾಲ. ಹೊಸ ಸರ್ಕಾರ ವಿಧಿಸಿದ ಪ್ರತಿಜ್ಞೆಯನ್ನು ಸ್ವೀಕರಿಸದ ಗುರುಗಳಿಗೆ ಗಡೀಪಾರು ಕಾದಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಗುರುಗಳು ಹತರಾದರು. ಸಾವಿರಾರು ಗುರುಗಳು ಸಮುದ್ರ ದಾಟಿ ಇಂಗ್ಲೆಂಡನ್ನು ಸೇರಿದರು. ಕಥೋಲಿಕರನ್ನು ಬಹುಕಾಲ ಕಾನೂನಿನಿಂದಲೇ ದೂರವಿರಿಸಿದ್ದ ಆ ಪ್ರಾಟೆಸ್ಟೆಂಟ್ ರಾಷ್ಟ್ರವು ಅವರಿಗೆ ನೆಲೆಯನ್ನೂ ಜೀವನಭತ್ಯೆಯನ್ನೂ ಕೊಟ್ಟಿತು. ದ್ಯುಬುವಾ ಅವರು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಧರ್ಮಸೇವೆಯೇ ಅವರ ಗುರಿಯಾಗಿದ್ದರೂ, ಕ್ರಾಂತಿಯ ಕೊಲೆಗಳಿಂದ ಪಾರಾಗಿ ಬಂದವರು ತಾವೆಂಬುದನ್ನು ಅವರು ಮುಂದೆ ಮರೆಮಾಚಲಿಲ್ಲ. ಮೊದಲ ವರ್ಷಗಳಲ್ಲಿ ತಮಿಳು ಸೀಮೆಯಲ್ಲಿ ದುಡಿದು, ಈ ದೇಶದ ನಿಲುವಂಗಿ, ರುಮಾಲು, ನಡೆನುಡಿಗಳನ್ನು ತಮ್ಮದಾಗಿಸಿಕೊಂಡರು.

ಇತ್ತ ಶ್ರೀರಂಗಪಟ್ಟಣದಲ್ಲಿ ಬೇರೊಂದು ದುಃಖದ ಕಥೆ ನಡೆದಿತ್ತು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ, ಟಿಪ್ಪು ಸುಲ್ತಾನರು ಕೆನರಾ ಸೀಮೆಯ ಕಥೋಲಿಕರನ್ನು ಕುಟುಂಬ ಸಮೇತ ಹಿಡಿಸಿ ಘಟ್ಟ ಹತ್ತಿಸಿ ತಂದರು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲ. ದ್ಯುಬುವಾ ಅವರು 60,000 ಎಂದು ಬರೆದಿದ್ದಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಸಂಖ್ಯರು ಮಡಿದರು. ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು. ಇದೇ ಅರಸರ ದಂಡಿನಲ್ಲಿ ಫ್ರೆಂಚ್ ಕ್ರೈಸ್ತ ಸೈನಿಕರೂ ಸೇವೆಯಲ್ಲಿದ್ದರು. ಅವರ ಬೀಡಿನಿಂದಲೇ ಇಂದಿನ ಪಾಂಡವಪುರವಾದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತು. ಹೀಗಾಗಿ ಅಂದಿನ ಕಲಹವನ್ನು ಎರಡು ಧರ್ಮಗಳ ಯುದ್ಧವೆಂದಷ್ಟೇ ತಿಳಿಯುವುದು ನ್ಯಾಯವಲ್ಲ.

ಸೆರೆಯಿಂದ ತಪ್ಪಿಸಿಕೊಂಡ ಕೆಲವರು ಕೊಡಗನ್ನು ಸೇರಿದರು. ಅಲ್ಲಿನ ಅರಸ ದೊಡ್ಡವೀರರಾಜೇಂದ್ರರು ಲಿಂಗಾಯತ ಮನೆತನದವರು. ಅವರು ಈ ಕ್ರೈಸ್ತರನ್ನು ಹಿಂದಟ್ಟಲಿಲ್ಲ. ತಾವು ಕಟ್ಟಿಸಿದ ವೀರರಾಜಪೇಟೆಯಲ್ಲಿ ನೆಲೆ ಕೊಟ್ಟರು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಇತಿಹಾಸ ಆರಂಭವಾಗುವುದು 1792ರಲ್ಲಿ. ಒಬ್ಬ ಅರಸನಿಂದ ನೊಂದವರಿಗೆ ಮತ್ತೊಬ್ಬ ಅರಸನ ನೆರಳು ದೊರಕಿತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಪತನವಾಯಿತು. ಉಳಿದ ಕ್ರೈಸ್ತರು ಬಿಡುಗಡೆ ಹೊಂದಿದರು. ಆದರೆ ಅವರಿಗೆ ಮನೆಯಿರಲಿಲ್ಲ, ಗುರುಗಳಿರಲಿಲ್ಲ. ಆಗ ಅಲ್ಲಿ ಅಧಿಕಾರದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರು ಈ ಸಮುದಾಯವನ್ನು ಕಟ್ಟಲು ದ್ಯುಬುವಾ ಅವರನ್ನು ಆಹ್ವಾನಿಸಿದರು. ಆ ಹೊತ್ತಿಗೆ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆದಿತ್ತೆಂಬುದನ್ನು ನೆನೆದರೆ, ಶತ್ರುರಾಷ್ಟ್ರದ ಒಬ್ಬ ಗುರುವಿಗೆ ಬಾಗಿಲು ತೆರೆದುದು ಸಣ್ಣ ಸಂಗತಿಯಲ್ಲ.

ಸ್ವಾಮಿಗಳ ಮುಂದೆ ನಿಂತವರು ಬಾಹ್ಯದಲ್ಲಿ ಧರ್ಮ ತೊರೆದಿದ್ದವರು. ತಮ್ಮ ಹೃದಯದಲ್ಲಿ ವಿಶ್ವಾಸ ಅಳಿದಿರಲಿಲ್ಲವೆಂದು ಅವರು ಬೇಡಿಕೊಂಡರು. ಅಷ್ಟು ಸಾವಿರ ಜನರಲ್ಲಿ ಒಬ್ಬರಾದರೂ ರಕ್ತಸಾಕ್ಷಿಯಾಗಲಿಲ್ಲವಲ್ಲಾ ಎಂದು ಸ್ವಾಮಿಗಳು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಕಟುವಾಗಿ ವ್ಯಥೆಪಟ್ಟಿದ್ದಾರೆ. ಆದರೂ ಬಂದವರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಿಲ್ಲ. ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದೂ, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅವರೇ ತಿಳಿಸಿದ್ದಾರೆ. ಅಂತಹ ಪರೀಕ್ಷೆ ಆ ಜನರಿಗೆ ಮತ್ತೊಮ್ಮೆ ಬಾರದಿರಲೆಂಬುದು ಅವರ ಪ್ರಾರ್ಥನೆಯಾಗಿತ್ತು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಸ್ವಾಮಿಗಳೂ ಸಾವಿನ ದವಡೆಯಿಂದ ದೂರ ಬಂದವರೇ. ಏಕೆ ಓಡಿಬಂದೆ, ಅಲ್ಲಿಯೇ ಏಕೆ ಸಾಯಲಿಲ್ಲ ಎಂದು ಈ ನಾಡು ಅವರನ್ನು ಕೇಳಲಿಲ್ಲ. ನೊಂದು ಬಂದವನ ಧೈರ್ಯವನ್ನು ತೂಗುವುದು, ಕ್ಷೇಮವಾಗಿ ಕುಳಿತವನಿಗೆ ಬಹಳ ಸುಲಭ. ಸ್ವಾಮಿಗಳ ಲೇಖನಿ ತೂಗಿತು. ಅವರ ಕೈಗಳು ತೂಗಲಿಲ್ಲ. ಆ ಕೈಗಳ ಕೆಲಸವೇ ಉಳಿದು ಬಂದಿದೆ.

ಗಂಜಾಮಿನಲ್ಲಿ 1800ರಲ್ಲಿ ಎದ್ದ ದೇವಾಲಯ ಇಂದಿಗೂ ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಆಶ್ರಯವೆಂದರೆ ಒಂದು ಹೊತ್ತಿನ ಗಂಜಿಯಲ್ಲವೆಂದು ಬಲ್ಲ ಅವರು ಬಡ ಕ್ರೈಸ್ತರಿಗಾಗಿ ಒಕ್ಕಲುತನದ ನೆಲೆಗಳನ್ನು ಕಟ್ಟಿದರು. ಹಾಸನದ ಬಳಿಯ ಸಾತಹಳ್ಳಿ ಅವುಗಳಲ್ಲಿ ಮುಖ್ಯವಾದುದು. ಉಳಲು ನೆಲ ದೊರೆತವನು ಅನ್ಯರ ದಯೆಯಲ್ಲಿ ಬದುಕಬೇಕಿಲ್ಲ. ಸಿಡುಬಿನ ಭಯದಲ್ಲಿ ಜನ ತತ್ತರಿಸುತ್ತಿದ್ದಾಗ, ದೇವಿ ಹಾಕಿಸಿಕೊಳ್ಳಲು ಅಂಜುತ್ತಿದ್ದವರನ್ನು ಒಪ್ಪಿಸಿ ಆ ಹೊಸ ಚಿಕಿತ್ಸೆಯನ್ನು ಮೈಸೂರು ಸೀಮೆಯಲ್ಲಿ ಹರಡಲು ನೆರವಾದರು. 1803-04ರಲ್ಲಿ 25,432 ಮಂದಿಗೆ ದೇವಿ ಹಾಕಲಾಯಿತೆಂದು ದಾಖಲೆಯಿದೆ. ತಮ್ಮನ್ನು ಸಲಹಿದ ನಾಡಿಗೆ ಅತಿಥಿಯು ಸಲ್ಲಿಸಿದ ಕಾಣಿಕೆ ಇದು.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗಕ್ಕೆ ಹಿಂದಿನ ಜೆಸ್ವಿತ ಗುರು ಕೊರ್ದೂ ಅವರ ಬರಹವೇ ಮೂಲವೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಪಂಚತಂತ್ರದ ಕಥೆಗಳನ್ನೂ ಅವರು ಫ್ರೆಂಚ್ ಭಾಷೆಗೆ ತಂದರು. 1823ರಲ್ಲಿ ಸ್ವದೇಶಕ್ಕೆ ಮರಳಿ, ತಮ್ಮ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರಲ್ಲಿ ದೈವಾಧೀನರಾದರು.

ಇಂದು ಲೋಕದಲ್ಲಿ ನೆಲೆ ಕಳೆದುಕೊಂಡವರು ಕೋಟ್ಯಂತರ ಮಂದಿ. ಜೀವಭಯದಿಂದ ಬಂದವರನ್ನು ಆ ಭಯದ ಬಾಯಿಗೆ ಮರಳಿ ನೂಕಬಾರದೆಂದು 1951ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಅದಕ್ಕೆ ಸಹಿ ಹಾಕಿದ ಸಿರಿವಂತ ದೇಶಗಳಲ್ಲಿಯೂ ತಂತಿಬೇಲಿಗಳು ಏಳುತ್ತಿವೆ. ಸಹಿ ಹಾಕದ ಭಾರತದಲ್ಲಿ, 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಸುಮಾರು 3,000 ಎಕರೆ ನೆಲ ಕೊಟ್ಟಿತು. ಸಾತಹಳ್ಳಿಯಂತೆ ಅಲ್ಲಿಯೂ ನೇಗಿಲಿನಿಂದಲೇ ಹೊಸ ಬಾಳು ಮೊದಲಾಯಿತು. ಕಾಯಿದೆಯೊಂದೇ ಸಾಲದು, ಮನಸ್ಸೂ ಬೇಕು ಎಂಬುದಕ್ಕೆ ಇದು ಸಾಕ್ಷಿ. ಹಾಗೆಂದು ಕಾಯಿದೆ ಬೇಡವೆನ್ನಲಾಗದು. ಇಂದಿನ ಅರಸನ ಮನಸ್ಸು ನಾಳೆಯೂ ಹಾಗೆಯೇ ಇರುವುದೆಂಬ ಭರವಸೆ ಎಲ್ಲಿದೆ?

ಮಾಕವಳ್ಳಿಯ ಸೀಮೆಯ ನಮಗೆ ಇದು ದೂರದ ಮಾತಲ್ಲ. ಕನ್ನಂಬಾಡಿ ಕಟ್ಟೆಯ ನೀರಿಗೆ ಊರು ಬಿಟ್ಟವರು ನಮ್ಮ ಮಗ್ಗುಲಲ್ಲೇ ಇದ್ದರು. ಕಬ್ಬು ಕಡಿಯಲು ಹೊರಜಿಲ್ಲೆಗಳಿಂದ ಬಂದ ಕುಟುಂಬಗಳು ನಮ್ಮ ಗದ್ದೆಯಂಚಿನಲ್ಲೇ ಗುಡಿಸಲು ಹಾಕುತ್ತವೆ. ಬಾಲ ಯೇಸುವನ್ನು ಎತ್ತಿಕೊಂಡು ಮರಿಯಮ್ಮನವರೂ ಸಂತ ಜೋಸೆಫರೂ ಐಗುಪ್ತಕ್ಕೆ ಹೋದಾಗ ಅವರಿಗೆ ಯಾವ ಮನೆ ತೆರೆಯಿತೆಂಬುದನ್ನು ಶುಭಸಂದೇಶ ಹೇಳುವುದಿಲ್ಲ. ಆ ಮನೆಯವರ ಹೆಸರೂ ನಮಗೆ ತಿಳಿಯದು. ಅಂತಹ ಹೆಸರಿಲ್ಲದ ಮನೆಯವರಾಗುವ ಕೃಪೆಯನ್ನು, ನೂರು ವರ್ಷಗಳನ್ನು ತುಂಬಿದ ಈ ಧರ್ಮಕೇಂದ್ರದ ಮಕ್ಕಳಾದ ನಮಗೆಲ್ಲ ದಯಾಮಯರಾದ ದೇವರು ಅನುಗ್ರಹಿಸಲಿ.