ಹರ್ಮನ್ ಮೋಗ್ಲಿಂಗರೂ ದಾಸರ ಪದಗಳೂ

ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರು ರೆವರೆಂಡ್ ಹರ್ಮನ್ ಮೋಗ್ಲಿಂಗ್ ಪಂಡಿತರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಪರೀಕ್ಷೆಗಾಗಿ ಬಾಯಿಪಾಠಮಾಡಿದ ಆ ಒಂದು ಸಂಗತಿಯ ಮರೆಯಲ್ಲಿ ಅವರ ಮತ್ತೊಂದು ಕಾರ್ಯವು ಅಡಗಿಹೋಗಿದೆ. ಮನೆಬಾಗಿಲಿಗೆ ತಂಬೂರಿ ಹಿಡಿದು ಬರುವ ದಾಸಯ್ಯನ ಹಾಡಿನಲ್ಲಿ ಜೀವನಾರು, ದೇವರಾರು, ಇವರಿಬ್ಬರಿಗೂ ಇರುವ ಸಂಬಂಧವೆಂಥದು ಎಂಬ ಗಹನವಾದ ವಿಚಾರಗಳಿವೆಯೆಂದು ಮನಗಂಡು, ಆ ಪದಗಳನ್ನು ಕೂಡಿಸಿ ಮೊತ್ತಮೊದಲು ಅಚ್ಚುಹಾಕಿಸಿದವರೂ ಅವರೇ.

ಮೋಗ್ಲಿಂಗರು ೧೮೧೧ನೆಯ ಇಸವಿ ಮೇ ತಿಂಗಳ ೨೯ನೆಯ ತಾರೀಕು ಜರ್ಮನಿಯ ವುರ್ಟೆಂಬರ್ಗ್ ಸೀಮೆಗೆ ಸೇರಿದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಜ್ಞಾನಶಾಸ್ತ್ರವನ್ನು ಅಭ್ಯಾಸಮಾಡಿದರು. ಹೆಗೆಲ್, ಶೆಲ್ಲಿಂಗ್ ಮುಂತಾದ ಮಹಾತತ್ತ್ವಜ್ಞರು ಓದಿದ ಸ್ಥಳವದು. ತತ್ತ್ವವೆಂದರೆ ದಪ್ಪನೆಯ ಗ್ರಂಥಗಳಲ್ಲಿ ಇರತಕ್ಕುದೆಂಬ ಭಾವನೆಯು ಅಲ್ಲಿ ಕಲಿತವರಲ್ಲಿ ಬೇರೂರುವುದು ಸಹಜವೇ ಸರಿ. ಬಾಸೆಲ್ ಮಿಶನ್ನಿಗೆ ಸೇರಿ, ೧೮೩೬ರಲ್ಲಿ ಮಂಗಳೂರಿಗೆ ಬಂದಿಳಿದಾಗ ಅವರಿಗೆ ಇಪ್ಪತ್ತೈದು ವರ್ಷ ವಯಸ್ಸು.

ಬಂದವರು ಬೋಧಿಸಲು ಬಂದವರು; ಆದರೆ ಬೋಧಿಸಬೇಕಾದರೆ ಕೇಳುವವರ ಮನಸ್ಸನ್ನು ಅರಿಯಬೇಕಷ್ಟೆ. ಕನ್ನಡವನ್ನು ಶ್ರದ್ಧೆಯಿಂದ ಕಲಿತರು; ಹುಡುಗರ ಶಾಲೆಯನ್ನು ನಡೆಸಿದರು; ೧೮೪೩ನೆಯ ಜುಲೈ ೧ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಪ್ರಾರಂಭಿಸಿದರು. ಜನರ ಅಂತರಂಗವನ್ನು ತಿಳಿಯಲು ಸಂಸ್ಕೃತ ಶಾಸ್ತ್ರಗಳೊಂದೇ ಸಾಲವೆಂಬುದು ಅವರಿಗೆ ಬರಬರುತ್ತಾ ದೃಢವಾಯಿತು. ಶಾಸ್ತ್ರವನ್ನು ಬಲ್ಲವರು ಊರಿಗೆ ಹತ್ತು ಮಂದಿ. ದಾಸರ ಪದವನ್ನೋ, ಪುರಾಣದ ಕಥೆಯನ್ನೋ, ಗಾದೆಯನ್ನೋ ಬಲ್ಲವರು ಮನೆಮನೆಯಲ್ಲಿಯೂ ಉಂಟು.

ಆ ಕಾಲದಲ್ಲಿ ಪುರಂದರದಾಸರು ಕಾಲವಾಗಿ ಮೂರು ಶತಮಾನಗಳು ಸಮೀಪಿಸಿದ್ದವು. ಆದರೂ ಅವರ ಪದಗಳು ಜನರ ಕಂಠದಲ್ಲಿಯೂ ಕೈಬರಹದ ಹೊತ್ತಿಗೆಗಳಲ್ಲಿಯೂ ಮಾತ್ರ ಉಳಿದಿದ್ದವು. ಮಧ್ವಾಚಾರ್ಯರು ಸಂಸ್ಕೃತದಲ್ಲಿ ಪ್ರತಿಪಾದಿಸಿದ ಸಿದ್ಧಾಂತದ ತಿರುಳು ಇದು: ಸ್ವತಂತ್ರನಾದವನು ದೇವರೊಬ್ಬನೇ, ಮಿಕ್ಕುದೆಲ್ಲವೂ ಅವನಿಗೆ ಅಧೀನ, ಜೀವನು ಎಂದಿಗೂ ದೇವರಾಗಲಾರನು. ಪಂಡಿತರ ವಾದಸಭೆಯಲ್ಲಿ ತರ್ಕದ ಕವಚವನ್ನು ತೊಟ್ಟಿದ್ದ ಈ ಮಾತು ದಾಸರ ಪದಗಳಲ್ಲಿ ಅಡಿಗೆಮನೆಗೂ ಸಂತೆಗೂ ಇಳಿದು ಬಂದಿತು. ಭಿಕ್ಷೆಗಾಗಿ ರಾಗಿಯನ್ನು ಬೇಡುವಂತೆ ತೋರುವ ಪುರಂದರದಾಸರ ಒಂದು ಪದವನ್ನು ನಮ್ಮ ತಾಯಂದಿರು ಬಲ್ಲರು. ಅದರಲ್ಲಿ ಧಾನ್ಯದ ಹೆಸರೇ ಮಾತಿನ ಕೊನೆಯ ಅಕ್ಷರಗಳಾಗಿ ಮಾರ್ಪಟ್ಟು, ಬೇಡಲು ಬಂದವನು ನೀಡುವವರಿಗೇ ಯೋಗ್ಯತೆಯನ್ನು ಬೋಧಿಸುವನು. ಕನಕದಾಸರಾದರೋ, ಕುಲವನ್ನು ಕೇಳುವವರಿಗೆ ಕುಲದ ಮೂಲವನ್ನೇ ತಿರುಗಿ ಕೇಳುವರು. ಹೊರಗಣ ಮಡಿಯಿಂದ ಒಳಗಣ ಕೊಳೆ ಹೋಗದೆಂಬ ಮಾತಂತೂ ದಾಸರಲ್ಲಿ ಪದೇ ಪದೇ ಬರುತ್ತದೆ. ಅಕ್ಷರವರಿಯದ ಹೆಂಗಸು ಕೆಲಸ ಮಾಡುತ್ತಾ ಇಂಥ ಪದವನ್ನು ಹಾಡಿಕೊಂಡರೆ, ತಾನು ವೇದಾಂತವನ್ನು ನುಡಿಯುತ್ತಿರುವೆನೆಂಬ ಅರಿವು ಅವಳಿಗೆ ಇರಬೇಕಾಗಿಲ್ಲ; ತತ್ತ್ವವು ಮಾತ್ರ ಅವಳ ನಾಲಗೆಯ ಮೇಲೆ ಇದ್ದೇ ಇರುವುದು.

೧೮೪೮ರಿಂದ ೧೮೫೩ರ ವರೆಗೆ ಮೋಗ್ಲಿಂಗರು ತಮ್ಮ ಬಂಧುಗಳೂ ಸಹೋದ್ಯೋಗಿಗಳೂ ಆದ ವೈಗಲ್ ಅವರ ಸಹಾಯದಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು ಪ್ರಕಟಿಸಿದರು. ಜೈಮಿನಿ ಭಾರತ, ಬಸವಪುರಾಣ ಮೊದಲಾದ ಮಹಾಕೃತಿಗಳ ಸಾಲಿನಲ್ಲಿಯೇ ೧೮೫೦ರಲ್ಲಿ ನೂರಕ್ಕೆ ಮಿಕ್ಕಿದ ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಿದ್ದವು. ಹಾದಿಬೀದಿಯ ಹಾಡನ್ನು ಮಹಾಕಾವ್ಯದ ಪಕ್ಕದಲ್ಲಿ ಕುಳ್ಳಿರಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅನ್ಯಮತದ ಗ್ರಂಥಗಳಿಗಾಗಿ ಮಿಶನ್ನಿನ ಹಣವನ್ನು ವ್ಯಯಿಸುವುದು ಭಕ್ತರಾದ ದಾನಿಗಳಿಗೆ ಒಪ್ಪಿಗೆಯಾಗತಕ್ಕ ಮಾತೂ ಅಲ್ಲ. ಈ ಮಾಲೆಯ ವೆಚ್ಚಕ್ಕೆ ಮದ್ರಾಸು ಸಂಸ್ಥಾನದ ನಿವೃತ್ತ ನ್ಯಾಯಾಧೀಶರಾದ ಕ್ಯಾಸಮೇಜರ್ ಎಂಬ ಮಹನೀಯರು ಒದಗಿಬಂದರು.

ಇಲ್ಲಿ ಒಂದು ಪ್ರಶ್ನೆ ಏಳುವುದು. ಸುವಾರ್ತೆಯನ್ನು ಸಾರಲೆಂದು ಕಡಲು ದಾಟಿ ಬಂದವರು ಹರಿಯ ಸ್ತುತಿಯನ್ನು ಅಚ್ಚುಹಾಕಿಸಿದುದೇಕೆ? ಈ ಪದಗಳು ಸುವಾರ್ತೆಗೆ ಸಮಾನವೆಂದು ಮೋಗ್ಲಿಂಗರು ಎಂದೂ ಭಾವಿಸಿದವರಲ್ಲ. ಜಾತಿಪದ್ಧತಿಯನ್ನೂ ವಿಗ್ರಹಾರಾಧನೆಯನ್ನೂ ಖಂಡಿಸಿದವರು ಅವರು. ಡಾಂಭಿಕತೆಯನ್ನು ಹಳಿಯುವ ದಾಸರ ಪದವು ಉಪದೇಶಿಗೆ ಒಳ್ಳೆಯ ಸಾಧನವಾಗಿ ಕಂಡಿರಲೂಬಹುದು. ಹಾಡಿನಿಂದ ಒಂದು ಮಾತನ್ನು ಕಿತ್ತು ವಾದಕ್ಕೆ ಉಪಯೋಗಿಸಿಕೊಳ್ಳುವುದು ಸುಲಭ. ಆದರೆ ಮಡಿಯನ್ನು ಹಳಿದ ದಾಸರು ಅದೇ ಉಸಿರಿನಲ್ಲಿ ವಿಠಲನ ಅಂಕಿತವನ್ನಿಟ್ಟರೆಂಬುದನ್ನು ಮರೆತರೆ, ನಮಗೆ ದೊರೆಯುವುದು ದಾಸರ ತತ್ತ್ವವಲ್ಲ, ನಮ್ಮ ತತ್ತ್ವವೇ. ಮೋಗ್ಲಿಂಗರ ಹಿರಿಮೆಯೆಂದು ನನಗೆ ತೋರುವುದು ಇದು: ತಮಗೆ ಬೇಕಾದ ನಾಲ್ಕು ಮಾತುಗಳನ್ನು ಆರಿಸಿಕೊಂಡು ಮಿಕ್ಕುದನ್ನು ಎಸೆಯದೆ, ಪದಗಳ ಸಂಗ್ರಹವನ್ನೇ ಕನ್ನಡಿಗರ ಕೈಗೆ ಕನ್ನಡದಲ್ಲಿಯೇ ಕೊಟ್ಟರು. ಒಪ್ಪುವ ಹಕ್ಕೂ ಒಪ್ಪದಿರುವ ಹಕ್ಕೂ ಓದುವವರದಾಯಿತು.

ಅವರ ಬಳಿಕ ಬಂದವರೆಲ್ಲರೂ ಇಷ್ಟು ಸಂಯಮವನ್ನು ತೋರಲಿಲ್ಲ. ಮದ್ರಾಸಿನಲ್ಲಿದ್ದ ಚಾರ್ಲ್ಸ್ ಗೋವರ್ ಎಂಬವರು ೧೮೭೧ರಲ್ಲಿ ದಕ್ಷಿಣ ಹಿಂದೂಸ್ಥಾನದ ಜನಪದಗೀತಗಳೆಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಜನರ ನಿಜವಾದ ಧರ್ಮವನ್ನು ಅವರ ಹಾಡುಗಳಲ್ಲಿ ಹುಡುಕಬೇಕೆಂಬ ಅವರ ವಾದವು ಮೆಚ್ಚತಕ್ಕುದೇ. ಆದರೆ ಅವರ ಪದ್ಯಾನುವಾದವನ್ನು ಓದಿದರೆ, ದಾಸರು ಇಂಗ್ಲೆಂಡಿನ ಯಾವುದೋ ದೇವಾಲಯದಲ್ಲಿ ಕೀರ್ತನೆ ಹಾಡುತ್ತಿರುವಂತೆ ಭಾಸವಾಗುವುದು.

೧೮೫೩ರಲ್ಲಿ ಮೋಗ್ಲಿಂಗರು ಕೊಡಗಿಗೆ ತೆರಳಿದರು. ಆ ನಾಡಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬರೆದು ೧೮೫೫ರಲ್ಲಿ ಪ್ರಕಟಿಸಿದರು. ವೈಗಲ್ ಅವರು ತೀರಿಕೊಂಡ ಬಳಿಕ ಅವರ ವಿಧವೆಯಾದ ಪೌಲೀನರನ್ನು ವಿವಾಹವಾದರು. ಕನ್ನಡದ ಸೇವೆಯನ್ನು ಗಣಿಸಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ೧೮೫೮ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ೧೮೬೦ರಲ್ಲಿ ಅವರು ಜರ್ಮನಿಗೆ ಹಿಂದಿರುಗಿದರು. ಮರಳಿ ಬರುವ ಯೋಗವಿರಲಿಲ್ಲ.

ಆದರೆ ಹಾಡುಗಳು ಅವರನ್ನು ಬಿಡಲಿಲ್ಲ. ಕನ್ನಡ ದಾಸರ ಪದಗಳ ಜರ್ಮನ್ ಅನುವಾದಗಳನ್ನು ಅವರು ಅದೇ ವರ್ಷದಿಂದ ಜರ್ಮನ್ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸತೊಡಗಿದರು. ತಂಬೂರಿಯ ಶ್ರುತಿಯಿಲ್ಲ, ಚಿಟಿಕೆಯ ತಾಳವಿಲ್ಲ. ರಾಗಿಯೆಂಬ ಧಾನ್ಯವನ್ನೇ ಕಾಣದ ಓದುಗರ ಮುಂದೆ ಮಾತಿನ ಅರ್ಥವೊಂದನ್ನೇ ಇಡಬೇಕಾಯಿತು. ಎಸ್ಲಿಂಗೆನ್ ಪಟ್ಟಣದಲ್ಲಿ ೧೮೮೧ನೆಯ ಮೇ ೧೦ರಂದು, ಎಪ್ಪತ್ತು ವರ್ಷ ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಮೋಗ್ಲಿಂಗರು ದೈವಾಧೀನರಾದರು.