ಗೆದ್ದೋನು ಮನೆಗೆ ಹೋಗೋದು ಯಾವಾಗ? – ಜೋ ಲೂಯಿಸ್ ಕಥೆ

ಹೋದ ಡಿಸೆಂಬರ್‌ನಲ್ಲಿ ನಮ್ಮ ಕನ್ನಡ ಸಂಘದಿಂದ ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಹೋಗಿದ್ವಿ. ಜೈನರಿಗೂ ಶ್ರೀವೈಷ್ಣವರಿಗೂ ಇದ್ದ ಜಗಳವನ್ನ ಬುಕ್ಕರಾಯ 1368ರಲ್ಲಿ ರಾಜಿ ಮಾಡಿಸಿದ ವಿಷಯ ಹೇಳುವ ಶಾಸನದಿಂದ ಹೆಸರಾದ ಊರು ಅದು. ಆದ್ರೆ ಶಾಸನಕ್ಕಿಂತ ಜಾಸ್ತಿ ಹೊತ್ತು ನಾವು ಕಳೆದಿದ್ದು ಒಂದು ಮನೆಯ ಜಗಲಿ ಮೇಲೆ. ಬಸ್ಸಲ್ಲಿ ಶುರುವಾದ ವಾದ ಅಲ್ಲಿಗೆ ಬಂದ್ರೂ ಮುಗಿದಿರಲಿಲ್ಲ. 2024ರ ನವೆಂಬರ್‌ನಲ್ಲಿ 58 ವರ್ಷದ ಮೈಕ್ ಟೈಸನ್ ಮತ್ತೆ ರಿಂಗಿಗಿಳಿದು ಜೇಕ್ ಪಾಲ್ ಎದುರು ಸೋತನಲ್ಲ, ಅದು ಬೇಕಿತ್ತಾ ಅನ್ನೋದೇ ವಾದ. ಅರ್ಧ ಜನ ದುಡ್ಡು ಬಂತಲ್ಲ ಬಿಡ್ರೋ ಅಂದ್ರು, ಇನ್ನರ್ಧ ಜನ ಮರ್ಯಾದೆ ಹೋಯ್ತಲ್ಲ ಅಂದ್ರು.

ಜಗಲಿ ಮೇಲಿದ್ದ ಅಜ್ಜ ವಯಸ್ಸಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದವರು, ಜಾತ್ರೆ ಕುಸ್ತಿಗಳಲ್ಲಿ ಹೆಸರು ಮಾಡಿದವರು. ನಮ್ಮ ಗಲಾಟೆ ಕೇಳಿ ನಕ್ಕರು. ಸೊಂಟ ತಿರುಗೋದು ಅರೆಕ್ಷಣ ತಡ ಆಯ್ತು ಅಂದ್ರೆ ಅದು ಎದುರಾಳಿಗಿಂತ ಮುಂಚೆ ಪೈಲ್ವಾನನಿಗೇ ಗೊತ್ತಾಗತ್ತಂತೆ. ಗೊತ್ತಾಗೋದು ಕಷ್ಟ ಅಲ್ಲ, ಮಟ್ಟಿಯಿಂದ ಎದ್ದು ಬರೋದು ಕಷ್ಟ ಅಂದ್ರು. ಅವರಿಗೆ ಬಿಟ್ಟು ಬರೋಕೆ ಆಗಿದ್ದು ಹಿಂದೆ ರಾಗಿ ಹೊಲ ಇತ್ತು, ಸಾಲ ಇರಲಿಲ್ಲ ಅನ್ನೋ ಕಾರಣಕ್ಕಂತೆ. ಹಾಲು, ತುಪ್ಪ, ಬಾದಾಮಿಗೆ ಅಂತ ಸಾಲ ಮಾಡ್ಕೊಂಡಿದ್ದ ಅವರ ಜೊತೆಗಾರರೊಬ್ಬರು ಮಂಡಿ ಹೋದ ಮೇಲೂ ಜಾತ್ರೆಯಿಂದ ಜಾತ್ರೆಗೆ ಅಲೀತಾ ಇದ್ರಂತೆ.

ಕಾಲೇಜಿಗೆ ವಾಪಸ್ ಬಂದ ಮೇಲೆ ನಾವು ಜೋ ಲೂಯಿಸ್‌ನ ಬದುಕು ಓದಿದ್ವಿ. ಅಜ್ಜ ಹೇಳಿದ್ದೇ ಅಲ್ಲೂ ಇತ್ತು, ಅಮೆರಿಕದ ಅಳತೆಯಲ್ಲಿ.

ಜೋಸೆಫ್ ಲೂಯಿಸ್ ಬ್ಯಾರೋ ಹುಟ್ಟಿದ್ದು 1914ರ ಮೇ 13ರಂದು, ಅಲಬಾಮಾ ರಾಜ್ಯದಲ್ಲಿ. ಅವನ ಹಿರಿಯರು ಗುಲಾಮರಾಗಿದ್ದವರು, ಅಪ್ಪ-ಅಮ್ಮ ಹತ್ತಿ ಸೀಮೆಯ ಬಡ ರೈತರು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ಅಪ್ಪ ಮಾನಸಿಕ ಆಸ್ಪತ್ರೆ ಸೇರಿದ. 1926ರಲ್ಲಿ ಸಂಸಾರ ಡೆಟ್ರಾಯಿಟ್‌ಗೆ ಬಂತು. ಮಗ ವಯೊಲಿನ್ ಕಲೀಲಿ ಅಂತ ತಾಯಿಗೆ ಆಸೆ, ಮಗನಿಗೆ ಬಾಕ್ಸಿಂಗ್ ಹುಚ್ಚು. ಫೋರ್ಡ್ ಕಾರ್ಖಾನೆಯಲ್ಲೂ ಸ್ವಲ್ಪ ದಿನ ದುಡಿದ. 1934ರ ಜುಲೈ 4ರಂದು ವೃತ್ತಿಪರನಾಗಿ ಮೊದಲ ಪಂದ್ಯ ಆಡಿ ಗೆದ್ದ.

ಮುಂದಿನ ಎರಡು ವರ್ಷ ಅವನನ್ನ ತಡೆಯೋರೇ ಇರಲಿಲ್ಲ. ಮಾಜಿ ಚಾಂಪಿಯನ್‌ಗಳಾದ ಪ್ರಿಮೊ ಕಾರ್ನೆರಾ, ಮ್ಯಾಕ್ಸ್ ಬೇರ್ ಇಬ್ಬರೂ 1935ರಲ್ಲಿ ಮಣ್ಣು ಮುಕ್ಕಿದ್ರು. ಆದ್ರೆ 1936ರ ಜೂನ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ 12ನೇ ರೌಂಡಿನಲ್ಲಿ ಲೂಯಿಸ್‌ನನ್ನ ಕೆಡವಿದ. ಎಡಗೈ ಹೊಡೆತ ಹಾಕಿದ ಮೇಲೆ ಲೂಯಿಸ್ ಆ ಕೈಯನ್ನ ತಗ್ಗಿಸ್ತಾನೆ ಅನ್ನೋದನ್ನ ಷ್ಮೆಲಿಂಗ್ ಫಿಲ್ಮ್ ನೋಡಿ ಕಂಡುಹಿಡಿದಿದ್ದ. ಲೂಯಿಸ್ ಆ ತಪ್ಪು ತಿದ್ದಿಕೊಂಡ. 1937ರ ಜೂನ್ 22ರಂದು ಶಿಕಾಗೋದಲ್ಲಿ ಜೇಮ್ಸ್ ಬ್ರಾಡಕ್‌ನನ್ನ ಎಂಟನೇ ರೌಂಡಿನಲ್ಲಿ ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ. ಸರಿಯಾಗಿ ಒಂದು ವರ್ಷಕ್ಕೆ, 1938ರ ಜೂನ್ 22ರಂದು, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ 70 ಸಾವಿರ ಜನರ ಮುಂದೆ ಷ್ಮೆಲಿಂಗ್ ಮತ್ತೆ ಎದುರಾದ. ಷ್ಮೆಲಿಂಗ್ ನಾಜಿ ಪಕ್ಷದ ಸದಸ್ಯ ಆಗಿರಲಿಲ್ಲ, ಆದ್ರೂ ಆ ಹೊತ್ತಿಗೆ ಅದು ಹಿಟ್ಲರನ ಜರ್ಮನಿಗೂ ಅಮೆರಿಕಕ್ಕೂ ನಡೆಯೋ ಪಂದ್ಯ ಅನ್ನಿಸ್ಕೊಂಡಿತ್ತು. 124 ಸೆಕೆಂಡಿನಲ್ಲಿ ಮುಗೀತು. ಬಸ್ಸಿನಲ್ಲಿ ಕರಿಯರಿಗೆ ಬೇರೆ ಸೀಟು ಇಟ್ಟಿದ್ದ ದೇಶ ಒಬ್ಬ ಕರಿಯನನ್ನ ನಮ್ಮವನು ಅಂತ ಹೊತ್ತು ಮೆರೆಸಿತು.

ಲೂಯಿಸ್ ಪಟ್ಟವನ್ನ ಒಟ್ಟು 25 ಸಲ ಉಳಿಸಿಕೊಂಡ. ಹೆವಿವೇಟ್‌ನಲ್ಲಿ ಆ ದಾಖಲೆ ಇವತ್ತಿಗೂ ಹಾಗೇ ಇದೆ. ನಡುವೆ ಯುದ್ಧ ಬಂತು. 1942ರಲ್ಲಿ ಎರಡು ಪಂದ್ಯಗಳ ತನ್ನ ಪಾಲಿನ ಹಣವನ್ನ ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ, ತಾನೂ ಸೈನ್ಯ ಸೇರಿದ. ಸಿಪಾಯಿಗಳ ಮುಂದೆ ಪ್ರದರ್ಶನ ಪಂದ್ಯ ಆಡ್ತಾ ಮೂರೂವರೆ ವರ್ಷ ಕಳೆದ. ಮೈಯಲ್ಲಿ ಕಸುವು ತುಂಬಿರೋ ಆ ವರ್ಷಗಳಲ್ಲಿ ಪಟ್ಟದ ಪಂದ್ಯವೂ ಇಲ್ಲ, ಆ ಮಟ್ಟದ ಸಂಪಾದನೆಯೂ ಇಲ್ಲ.

ನಮ್ಮ ಲ್ಯಾಬಿನಲ್ಲಿ ಫಟೀಗ್ ಟೆಸ್ಟ್ ಮಾಡಿದವರಿಗೆ ಗೊತ್ತು. ಲಕ್ಷ ಸಲ ಭಾರ ತಡೆದ ಶಾಫ್ಟ್ ಹೊರಗಡೆಯಿಂದ ಹೊಳೀತಾನೇ ಇರತ್ತೆ. ಬಿರುಕು ಕಣ್ಣಿಗೆ ಕಾಣೋ ಹೊತ್ತಿಗೆ ಕೆಲಸ ಮುಗಿದಿರತ್ತೆ. ಲೂಯಿಸ್‌ನ ಬಿರುಕು ಕಂಡಿದ್ದು 1947ರ ಡಿಸೆಂಬರ್ 5ರಂದು. ಜೆರ್ಸಿ ಜೋ ವಾಲ್ಕಾಟ್ ಅವನನ್ನ ಎರಡು ಸಲ ನೆಲಕ್ಕೆ ಕೆಡವಿದ. 15 ರೌಂಡ್ ಮುಗಿದಾಗ ಲೂಯಿಸ್ ಫಲಿತಾಂಶ ಕೇಳೋಕೂ ನಿಲ್ಲದೆ ರಿಂಗಿನಿಂದ ಇಳಿಯೋಕೆ ಹೊರಟ. ತೀರ್ಪು ಮಾತ್ರ ಅವನ ಕಡೆಗೇ ಬಂತು, ಜನ ಕೂಗಾಡಿದ್ರು. ಅಜ್ಜ ಹೇಳಿದ ಅರೆಕ್ಷಣ ಇದೇ ಅಲ್ವಾ? ಜನಕ್ಕೆ, ಜಡ್ಜ್‌ಗಳಿಗೆ ಏನೇ ಕಂಡಿರಲಿ, ಅವನಿಗೆ ಗೊತ್ತಾಗಿತ್ತು. 1948ರ ಜೂನ್‌ನಲ್ಲಿ ಅದೇ ವಾಲ್ಕಾಟ್‌ನನ್ನ 11ನೇ ರೌಂಡಿನಲ್ಲಿ ಮಲಗಿಸಿ ಲೆಕ್ಕ ಚುಕ್ತಾ ಮಾಡಿದ. 1949ರ ಮಾರ್ಚ್ 1ರಂದು, ಪಟ್ಟ ಕೈಯಲ್ಲಿರುವಾಗಲೇ, ನಿವೃತ್ತಿ ಹೇಳಿದ. ಪಟ್ಟಕ್ಕೇರಿ ಹನ್ನೊಂದು ವರ್ಷ ಎಂಟು ತಿಂಗಳಾಗಿತ್ತು. ವಯಸ್ಸು 34, ವೃತ್ತಿಯಲ್ಲಿ ಸೋಲು ಒಂದೇ ಒಂದು.

ಇಲ್ಲಿಗೆ ಕಥೆ ಮುಗಿದಿದ್ರೆ ಯಾವಾಗ ನಿಲ್ಲಿಸಬೇಕು ಅನ್ನೋ ಪ್ರಶ್ನೆಗೆ ಇದೇ ಮಾದರಿ ಉತ್ತರ ಆಗ್ತಿತ್ತು. ಆದ್ರೆ ರಾಗಿ ಹೊಲ ಇರಲಿಲ್ಲ. ದುಡಿದಿದ್ದರಲ್ಲಿ ಮ್ಯಾನೇಜರ್‌ಗಳ ಪಾಲು ಹೋಗ್ತಿತ್ತು. ಪಂದ್ಯ ಏರ್ಪಡಿಸೋ ಮೈಕ್ ಜೇಕಬ್ಸ್‌ನಿಂದ ಮುಂಗಡ ತಗೊಂಡಿದ್ದ. ಕೇಳಿದೋರಿಗೆಲ್ಲ ಕೈಬಿಚ್ಚಿ ಕೊಟ್ಟ, ಕೈಹಾಕಿದ ವ್ಯಾಪಾರಗಳಲ್ಲಿ ಕಳೆದುಕೊಂಡ. ಎಲ್ಲಕ್ಕಿಂತ ಮೇಲೆ ತೆರಿಗೆ. ದೇಶಕ್ಕೆ ಅಂತ ಕೊಟ್ಟ ಆ ಎರಡು ಪಂದ್ಯಗಳ ಹಣವನ್ನೂ ಅವನ ಆದಾಯ ಅಂತಲೇ ಲೆಕ್ಕ ಹಿಡಿದ್ರು. 1950ರ ಹೊತ್ತಿಗೆ ಬಾಕಿ 5 ಲಕ್ಷ ಡಾಲರ್ ದಾಟಿತ್ತು, ಬಡ್ಡಿ ಬೆಳೀತಾನೇ ಇತ್ತು. ಆಗ ಅಲ್ಲಿ ಅತಿ ಹೆಚ್ಚಿನ ಆದಾಯದ ಮೇಲಿನ ತೆರಿಗೆ ದರವೇ 90%ರ ಆಸುಪಾಸು. ದೊಡ್ಡ ಪಂದ್ಯ ಆಡಿದ್ರೆ ಆ ಹಣಕ್ಕೂ ಹೊಸ ತೆರಿಗೆ. ಆದ್ರೂ ಅವನಿಗೆ ಗೊತ್ತಿದ್ದಿದ್ದು ಒಂದೇ ಕಸುಬು.

ಹಾಗಾಗಿ ವಾಪಸ್ ಬಂದ. 1950ರ ಸೆಪ್ಟೆಂಬರ್ 27ರಂದು ಹೊಸ ಚಾಂಪಿಯನ್ ಎಜರ್ಡ್ ಚಾರ್ಲ್ಸ್ ಎದುರು 15 ರೌಂಡ್ ಪೂರ್ತಿ ಹೊಡೆತ ತಿಂದು ಅಂಕಗಳಲ್ಲಿ ಸೋತ. ಅದೂ ಎಲ್ಲಿ? ಷ್ಮೆಲಿಂಗ್‌ನನ್ನ 124 ಸೆಕೆಂಡಿನಲ್ಲಿ ಮುಗಿಸಿದ್ದ ಅದೇ ಯಾಂಕಿ ಸ್ಟೇಡಿಯಂನಲ್ಲಿ. 1951ರ ಅಕ್ಟೋಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕಿ ಮಾರ್ಸಿಯಾನೊ ಅವನನ್ನ ಎಂಟನೇ ರೌಂಡಿನಲ್ಲಿ ರಿಂಗಿನ ಹಗ್ಗದಿಂದಾಚೆಗೆ ಕೆಡವಿದ. ಲೂಯಿಸ್‌ಗೆ ಆಗ 37. ಚಿಕ್ಕಂದಿನಿಂದ ಲೂಯಿಸ್‌ನನ್ನೇ ಆರಾಧಿಸಿಕೊಂಡು ಬಂದಿದ್ದ ಮಾರ್ಸಿಯಾನೊ ಗೆದ್ದ ಮೇಲೆ ಅತ್ತ ಅಂತಾರೆ. ಲೂಯಿಸ್‌ನ ವೃತ್ತಿಯಲ್ಲಿ ಒಟ್ಟು ಸೋಲು ಮೂರು. ಅದರಲ್ಲಿ ಎರಡು ನಿವೃತ್ತಿ ಹೇಳಿದ ಮೇಲೆ ಬಂದವು.

ಅದೇ ಮಾರ್ಸಿಯಾನೊ 1956ರ ಏಪ್ರಿಲ್‌ನಲ್ಲಿ ನಿಲ್ಲಿಸಿದ. 49 ಪಂದ್ಯ, 49 ಗೆಲುವು, ವಯಸ್ಸು 32. ಆಮೇಲೆ ಅವನಿಗೂ ವಾಪಸ್ ಬರೋ ಆಸೆ ಹುಟ್ಟಿತ್ತು. 1959ರಲ್ಲಿ ಗುಟ್ಟಾಗಿ ತಾಲೀಮು ಶುರುಮಾಡಿ, ಒಂದು ತಿಂಗಳಿಗೇ ಕೈಬಿಟ್ಟ. 1956ರಲ್ಲೇ ಲೂಯಿಸ್ ಏನು ಮಾಡ್ತಿದ್ದ ಗೊತ್ತಾ? ಹೊಟ್ಟೆಪಾಡಿಗೆ ತೋರಿಕೆಯ ಕುಸ್ತಿ ಆಡ್ತಿದ್ದ.

ಮುಂದೆ ತೆರಿಗೆ ಇಲಾಖೆ ಹಳೇ ಬಾಕಿಗೆ ಬೆನ್ನು ಹತ್ತೋದು ಬಿಟ್ಟು, ಆಗಾಗಿನ ಆದಾಯಕ್ಕಷ್ಟೇ ತೆರಿಗೆ ತಗೊಳ್ಳೋಕೆ ಒಪ್ಪಿತು. 1970ರಲ್ಲಿ ಲೂಯಿಸ್ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ. ಆಮೇಲೆ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್‌ನಲ್ಲಿ ಬಂದೋರಿಗೆ ಕೈಕುಲುಕಿ ಸ್ವಾಗತ ಹೇಳೋ ಕೆಲಸ. ಹೃದಯದ ಆಪರೇಷನ್ ಆದ ಮೇಲೆ ಗಾಲಿಕುರ್ಚಿಯೇ ಗತಿ ಆಯ್ತು. ತೀರಿಕೊಂಡಿದ್ದು 1981ರ ಏಪ್ರಿಲ್ 12ರಂದು. ಹಿಂದಿನ ದಿನವಷ್ಟೇ ಅಲ್ಲೇ ನಡೆದ ಹೆವಿವೇಟ್ ಪಟ್ಟದ ಪಂದ್ಯವನ್ನ ರಿಂಗ್ ಪಕ್ಕದಲ್ಲಿ ಕೂತು ನೋಡಿದ್ದ. ಸೈನಿಕರ ಆರ್ಲಿಂಗ್ಟನ್ ಸ್ಮಶಾನದಲ್ಲಿ ಸಕಲ ಗೌರವದಿಂದ ಮಣ್ಣು ಮಾಡಿದ್ರು. ಆ ಖರ್ಚಿಗೆ ನೆರವಾದವರಲ್ಲಿ ಮ್ಯಾಕ್ಸ್ ಷ್ಮೆಲಿಂಗ್ ಕೂಡ ಒಬ್ಬ. ಯುದ್ಧ ಮುಗಿದ ಮೇಲೆ ಇಬ್ಬರೂ ಗೆಳೆಯರಾಗಿದ್ರು.

ಬಸ್ಸಲ್ಲಿ ನಾವು ವಾದ ಮಾಡಿದ್ದು ವಯಸ್ಸು, ಮರ್ಯಾದೆ, ದಾಖಲೆ ಬಗ್ಗೆ. ಲೂಯಿಸ್ ಆ ಮೂರರಲ್ಲೂ ಸರಿಯಾದ ದಿನವನ್ನೇ ಆರಿಸಿಕೊಂಡಿದ್ದ. ನಿಲ್ಲಿಸೋ ದಿನ ಅವನಿಗೆ ಗೊತ್ತಿತ್ತು, ನಿಲ್ಲೋಕೆ ಜಾಗ ಇರಲಿಲ್ಲ. ಆ ಜಾಗ ಮಾಡ್ಕೋಬೇಕಾಗಿದ್ದು 1949ರಲ್ಲಿ ಅಲ್ಲ, 1938ರಲ್ಲಿ, ಇಡೀ ಊರು ಭುಜದ ಮೇಲೆ ಹೊತ್ತು ಕುಣೀತಿದ್ದಾಗ. ಆಗ ಅವನಿಗದು ಹೊಳೀಲಿಲ್ಲ, ಸುತ್ತ ಇದ್ದು ಪಾಲು ತಿಂದವರು ನೆನಪಿಸಲೂ ಇಲ್ಲ. ಇನ್ನೊಂದು ಸಲ ಕಲ್ಯಕ್ಕೆ ಹೋದ್ರೆ ಆ ಅಜ್ಜನಿಗೆ ಲೂಯಿಸ್ ಕಥೆ ಹೇಳ್ಬೇಕು ಅಂತಿದ್ದೀವಿ. ಅವರಿಗೆ ಇದೇನೂ ಹೊಸದು ಅನ್ನಿಸಲ್ಲ ಬಿಡಿ.